ಮೇಲ್ಮೈಯೆಂಬ ಆಕರ: ಪ್ರಾಚೀನ ಕಟ್ಟಡಗಳ ಶುದ್ಧೀಕರಣದ ಚರಿತ್ರೆಯನ್ನು ಕುರಿತು

ರಾಷ್ಟ್ರಕೂಟರ ಮತ್ತು ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ನವಸುಧಾಕರ್ಮ’ ಎಂಬ ಪದಗುಚ್ಛವು ಚಿರಪರಿಚಿತವಾದುದು. ದೇಗುಲಕ್ಕೋ ಬಸದಿಗೋ ಭೂಮಿಯನ್ನು ಬಿಟ್ಟಾಗ ಅದರ ಆದಾಯವು ಯಾವ ಯಾವ ವೆಚ್ಚಕ್ಕೆ ಸಲ್ಲಬೇಕೆಂದು ವಿಧಿಸುವ ಭಾಗದಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವುದು, ಹೊಸದಾಗಿ ಸುಣ್ಣ ಬಳಿಯುವುದು ಎಂಬುದು ಇದರ ಅರ್ಥ. ಶಾಸನ ಸಂಪಾದಕರು ಇದನ್ನು ರೂಢಿಯ ಮಾತೆಂದು ಭಾವಿಸಿ ಮುಂದೆ ಸಾಗುವುದೇ ಹೆಚ್ಚು. ಆದರೆ ಕಟ್ಟಡಗಳ ಚರಿತ್ರೆಯ ದೃಷ್ಟಿಯಿಂದ ಇದರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಟ್ಟಡದ ಮೇಲ್ಮೈಯನ್ನು ಕಾಲದಿಂದ ಕಾಲಕ್ಕೆ ಹೊದಿಸುವುದು ಅಂದಿನವರಿಗೆ ಪುಣ್ಯಕಾರ್ಯವಾಗಿತ್ತು. ಕಳೆದ ಒಂದೂವರೆ ಶತಮಾನದಲ್ಲಿ ಅದೇ ಹೊದಿಕೆಯನ್ನು ಕಳಚುವುದು ಸಂರಕ್ಷಣೆಯೆನಿಸಿಕೊಂಡಿತು. ಈ ವಿಪರ್ಯಾಸವು ಹೇಗೆ ಉಂಟಾಯಿತು, ಅದರಿಂದ ಆಕರಗಳಿಗೆ ಏನು ಸಂಭವಿಸಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರವೃತ್ತಿಯ ಒಂದು ಮುಖ್ಯ ಮೂಲವು ಇಂಗ್ಲೆಂಡಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಹಳೆಯ ಇಗರ್ಜಿಗಳನ್ನು ಜೀರ್ಣೋದ್ಧಾರ ಮಾಡಿದವರು ಗೋಡೆಗಳ ಹಳೆಯ ಗಾರೆಯನ್ನು ಕೆರೆದು ಬರಿಗಲ್ಲನ್ನು ಹೊರತಂದರು. ಕಲ್ಲು ಕಂಡರೆ ಪ್ರಾಚೀನತೆ ಕಂಡಂತೆ ಎಂಬುದು ಅವರ ನಂಬಿಕೆಯಾಗಿತ್ತು. ಗಾರೆಯೊಡನೆ ಅದರ ಪದರಗಳಲ್ಲಿದ್ದ ಮಧ್ಯಯುಗದ ಭಿತ್ತಿಚಿತ್ರಗಳೂ ಹಲವೆಡೆ ನೆಲಕ್ಕುದುರಿದವು. ಇದನ್ನು ವಿರೋಧಿಸಿ ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘಕ್ಕೆ ‘ಕೆರೆತವಿರೋಧಿ’ ಎಂಬ ಅಡ್ಡಹೆಸರೇ ಬಂದಿತು. ಭಾರತದಲ್ಲಿ ಕೆರೆತಕ್ಕೆ ಅಷ್ಟು ಬೇಗ ವಿರೋಧ ಹುಟ್ಟಲಿಲ್ಲ.

ಆಯುರ್ವೇದದಲ್ಲಿ ಚಿಕಿತ್ಸೆಗೆ ಮೊದಲು ‘ನಿದಾನ’, ಎಂದರೆ ರೋಗದ ಕಾರಣವನ್ನು ಗೊತ್ತುಪಡಿಸುವುದು. ಕನ್ನಡದ ‘ನಿಧಾನ’ ಎಂಬ ಮಾತಿಗೆ ವ್ಯುತ್ಪತ್ತಿ ಬೇರೆ. ಆದರೂ ಕಟ್ಟಡಗಳ ವಿಷಯದಲ್ಲಿ ಇವೆರಡೂ ಜೊತೆಗೂಡಿಯೇ ಇರಬೇಕಾದವು. ಮೇಲ್ಮೈಯ ಮೇಲಿರುವ ಪದರವು ಹೊರಗಿನಿಂದ ಬಂದ ಕೊಳೆಯೋ, ಕಲ್ಲೇ ರೂಪಾಂತರ ಹೊಂದಿ ಆದ ಹೊರಪೊರೆಯೋ, ಯಾರೋ ಬುದ್ಧಿಪೂರ್ವಕವಾಗಿ ಹಾಕಿದ ಲೇಪವೋ ಎಂಬುದು ತಿಳಿಯುವ ಮೊದಲೇ ಅದನ್ನು ತೆಗೆದುಹಾಕಿದರೆ ಮತ್ತೆ ತಿಳಿಯುವ ಅವಕಾಶವೇ ಇರುವುದಿಲ್ಲ. ಗ್ರಂಥಸಂಪಾದನೆಯಲ್ಲಿ ತಪ್ಪು ಪಾಠವನ್ನು ಆರಿಸಿಕೊಂಡರೆ ಮುಂದಿನ ಸಂಪಾದಕನು ಓಲೆಯನ್ನು ಮತ್ತೆ ನೋಡಿ ತಿದ್ದಬಹುದು. ಗೋಡೆಗೆ ಆ ಸೌಲಭ್ಯವಿಲ್ಲ.

ಇದಕ್ಕೆ ಅಜಂತೆಯ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ. 1819ರಲ್ಲಿ ಜಾನ್ ಸ್ಮಿತ್ ಎಂಬ ಸೈನ್ಯಾಧಿಕಾರಿಯ ಕಣ್ಣಿಗೆ ಬಿದ್ದ ಮೇಲೆ ಈ ಗುಹೆಗಳಿಗೆ ಹೊರಜಗತ್ತಿನ ಗಮನ ದೊರೆಯಿತು. 1844ರಿಂದ ರಾಬರ್ಟ್ ಗಿಲ್ ಚಿತ್ರಗಳ ಪ್ರತಿಗಳನ್ನು ತೆಗೆಯತೊಡಗಿದನು. ಅವುಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿಗೆ ಬಿದ್ದ ಬೆಂಕಿಯಲ್ಲಿ ನಾಶವಾದವು. 1872ರಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ಶಿಷ್ಯರೊಡನೆ ಮತ್ತೆ ಪ್ರತಿ ತೆಗೆದನು. ಅವುಗಳಲ್ಲಿಯೂ ಹಲವು 1885ರಲ್ಲಿ ಇನ್ನೊಂದು ಬೆಂಕಿಗೆ ಆಹುತಿಯಾದವು. ಪ್ರತಿಗಳು ಹೀಗೆ ಅಳಿದುದಕ್ಕಿಂತ, ಪ್ರತಿ ತೆಗೆಯುವ ಕಾರ್ಯದಲ್ಲಿ ಮೂಲಕ್ಕೆ ಆದುದು ಹೆಚ್ಚು ಶೋಚನೀಯ. ಮಸುಕಾದ ಬಣ್ಣಗಳು ಎದ್ದು ಕಾಣಲೆಂದು ಚಿತ್ರಗಳ ಮೇಲೆ ವಾರ್ನಿಷ್ ಬಳಿಯಲಾಯಿತು. ಅಂದಿಗೆ ಬಣ್ಣ ಹೊಳೆಯಿತು, ಕ್ರಮೇಣ ಹಳದಿಗಟ್ಟಿತು.

1914ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆಯು ಸ್ಥಾಪನೆಗೊಂಡು ಗುಲಾಂ ಯಜ್ದಾನಿ ಅದರ ಮುಖ್ಯಸ್ಥರಾದರು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ಸ್ಮಾರಕಗಳೂ ಇದೇ ಇಲಾಖೆಯ ಅಧೀನದಲ್ಲಿದ್ದವು ಎಂಬುದನ್ನು ಕನ್ನಡ ಸಂಶೋಧಕರು ನೆನೆಯಬೇಕು; ಬೀದರನ್ನು ಕುರಿತ ಯಜ್ದಾನಿಯವರ ಗ್ರಂಥವನ್ನು ಬಲ್ಲವರು ಅಜಂತೆಯಲ್ಲಿ ಅವರು ನಡೆಸಿದ ಕಾರ್ಯವನ್ನು ಅಷ್ಟಾಗಿ ಪರಿಶೀಲಿಸಿಲ್ಲ. ಅವರ ಕಾಲದಲ್ಲಿ, 1920ರಿಂದ 1922ರವರೆಗೆ, ಇಟಲಿಯ ಲೊರೆಂಜೊ ಚೆಕ್ಕೊನಿ ಮತ್ತು ಕೌಂಟ್ ಓರ್ಸಿನಿ ಎಂಬ ತಜ್ಞರು ಅಜಂತೆಗೆ ಬಂದರು. ಗೋಡೆಯಿಂದ ಬಿಟ್ಟುಕೊಳ್ಳುತ್ತಿದ್ದ ಗಾರೆಯನ್ನು ಅವರು ಮತ್ತೆ ಅಂಟಿಸಿದರು, ಅಂಚುಗಳನ್ನು ಭದ್ರಪಡಿಸಿದರು. ಇಂದು ನಾವು ನೋಡುವ ಚಿತ್ರಗಳಲ್ಲಿ ಅನೇಕವು ಉಳಿದಿರುವುದು ಅವರ ಶ್ರಮದಿಂದಲೇ ಎಂಬುದನ್ನು ಒಪ್ಪಬೇಕು. ಆದರೆ ಬಣ್ಣ ಉದುರದಂತೆ ಹಿಡಿದಿಡಲು ಅವರು ಬಳಸಿದುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು. ಅರಗು ಕಾಲಾಂತರದಲ್ಲಿ ಕಂದುಬಣ್ಣಕ್ಕೆ ತಿರುಗಿತು. ಅದರ ಮೇಲೆ ಬಾವಲಿಗಳ ಹಿಕ್ಕೆ, ಹೊಗೆ, ಧೂಳು ಕುಳಿತವು. 1953ರಲ್ಲಿ ಗುಹೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ವಶಕ್ಕೆ ಬಂದಮೇಲೆ ಅಲ್ಲಿಯ ರಸಾಯನತಜ್ಞರು ದಶಕಗಳ ಕಾಲ ಮಾಡಿದ ಕೆಲಸದ ಬಹುಭಾಗ ಹಿಂದಿನವರು ಬಳಿದುದನ್ನು ಅಂಗುಲ ಅಂಗುಲವಾಗಿ ತೆಗೆಯುವುದೇ ಆಗಿತ್ತು.

ಇಲ್ಲಿ ತಂತ್ರದ ಪ್ರಶ್ನೆಯೊಂದು ಅಡಗಿದೆ. ಅಜಂತೆಯ ಚಿತ್ರಗಳು ಐರೋಪ್ಯ ಅರ್ಥದ ಫ್ರೆಸ್ಕೊಗಳಲ್ಲ. ನಾರು, ಹೊಟ್ಟು ಬೆರೆಸಿದ ಮಣ್ಣಿನ ಗಾರೆ, ಅದರ ಮೇಲೆ ತೆಳುವಾದ ಬಿಳಿಯ ಲೇಪ, ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ, ಇದು ಅಲ್ಲಿಯ ಕ್ರಮ. ನೀರು ತಾಗಿದರೆ ಅಂಟು ಕರಗುತ್ತದೆ, ಮಣ್ಣು ಉಬ್ಬುತ್ತದೆ. ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರದಲ್ಲಿ ಬಣ್ಣದ ಕಣಗಳು ಸುಣ್ಣದೊಡನೆ ಶಿಲಾರೂಪ ತಾಳಿರುವುದರಿಂದ ಅದು ಒದ್ದೆ ಹತ್ತಿಯ ಸ್ಪರ್ಶವನ್ನು ತಾಳಿಕೊಳ್ಳಬಲ್ಲದು. ಎರಡೂ ಗೋಡೆಯ ಮೇಲಿನ ಚಿತ್ರಗಳೇ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಮಾರಕ.

ಈ ಭೇದವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿ ಬೆಳೆದುಬಂದುದು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. 1917ರಲ್ಲಿ ಪುರಾತತ್ತ್ವ ಸರ್ವೇಕ್ಷಣದ ರಸಾಯನಶಾಖೆಯು ಕಲಕತ್ತೆಯಲ್ಲಿ ಮೊಹಮ್ಮದ್ ಸನಾವುಲ್ಲಾ ಖಾನರಿಂದ ಆರಂಭಗೊಂಡು ಮುಂದೆ ಡೆಹರಾಡೂನಿಗೆ ಸ್ಥಳಾಂತರಗೊಂಡಿತು. ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ಪ್ರಯೋಗಶಾಲೆಯೊಂದು ಹುಟ್ಟಿದುದು ಕಂಚಿನ ವಿಗ್ರಹಗಳಿಗೆ ತಗುಲಿದ ಕಿಲುಬಿನ ನಿವಾರಣೆಗಾಗಿ. ಅಲ್ಲಿಯ ಎಸ್. ಪರಮಶಿವನ್ ಭಿತ್ತಿಚಿತ್ರಗಳ ಕಡೆಗೆ ತಿರುಗಿ, ಗಾರೆಯ ಚೂರುಗಳನ್ನು ವಿಶ್ಲೇಷಿಸಿ, ಅಜಂತೆಯದು ಒಣಗಾರೆಯ ತಂತ್ರವೆಂದೂ ತಂಜಾವೂರಿನ ಚೋಳ ಚಿತ್ರಗಳು ಹಸಿಸುಣ್ಣದ ಮೇಲೆ ಬರೆದವೆಂದೂ ನಿರೂಪಿಸಿದರು. ಎರಡನೆಯ ನಿರ್ಣಯವನ್ನು ಕುರಿತು ಮುಂದೆ ಚರ್ಚೆ ನಡೆದಿದೆಯಾದರೂ, ಶೈಲಿಯನ್ನು ನೋಡಿ ತಂತ್ರವನ್ನು ಊಹಿಸುವುದರ ಬದಲು ಗಾರೆಯನ್ನೇ ಪ್ರಶ್ನಿಸಬೇಕೆಂಬ ಮಾರ್ಗವನ್ನು ತೋರಿಸಿದ ಗೌರವ ಅವರಿಗೆ ಸಲ್ಲಬೇಕು. ಕಲಾಚರಿತ್ರೆಯ ಗ್ರಂಥಗಳಲ್ಲಿ ಅವರ ಹೆಸರು ವಿರಳವಾಗಿ ಕಾಣಿಸುವುದು ಸೋಜಿಗದ ಸಂಗತಿ.

ತಂಜಾವೂರಿನ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. 1010ರಲ್ಲಿ ಪೂರ್ಣಗೊಂಡ ಬೃಹದೀಶ್ವರ ದೇವಾಲಯದ ಗರ್ಭಗೃಹದ ಸುತ್ತಲಿನ ಪ್ರದಕ್ಷಿಣಪಥದಲ್ಲಿ, ನಾಯಕರ ಕಾಲದ ಚಿತ್ರಗಳ ಅಡಿಯಲ್ಲಿ ಚೋಳರ ಚಿತ್ರಗಳಿರುವುದನ್ನು 1931ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯದ ಎಸ್. ಕೆ. ಗೋವಿಂದಸ್ವಾಮಿ ಗುರುತಿಸಿದರು. ಹನ್ನೊಂದನೆಯ ಶತಮಾನದ ಚಿತ್ರಕ್ಕಾಗಿ ಹದಿನೇಳನೆಯ ಶತಮಾನದ್ದನ್ನು ಬಲಿಕೊಡಬಹುದೇ? ಪುರಾತತ್ತ್ವ ಸರ್ವೇಕ್ಷಣದ ತಜ್ಞರು ಮೇಲಿನ ನಾಯಕ ಪದರವನ್ನು ಹಾಳೆಯಂತೆ ಬಿಡಿಸಿ ನಾರುಗಾಜಿನ ಫಲಕಗಳ ಮೇಲೆ ಕೂರಿಸುವ ಕ್ರಮವನ್ನು ರೂಪಿಸಿ ಎರಡನ್ನೂ ಉಳಿಸಿದರು. ಆದರೂ ನಾಯಕ ಚಿತ್ರವು ತನ್ನ ಗೋಡೆಯನ್ನು ಕಳೆದುಕೊಂಡಿತು. ಒಂದು ತಲೆಮಾರಿನ ಅಭಿರುಚಿಯು ಚೋಳರನ್ನು ಮೇಲೆಂದು ಬಗೆದುದು ಈ ನಿರ್ಧಾರದ ಹಿಂದಿದೆ.

ನಿದಾನವು ತಡವಾದಾಗ ಚಿಕಿತ್ಸೆ ಹೇಗೆ ಸುತ್ತಿ ಸುತ್ತಿ ಬರುತ್ತದೆಂಬುದಕ್ಕೆ ಆಗ್ರಾದ ತಾಜಮಹಲು ಸಾಕ್ಷಿ. ಮಕ್ರಾನದ ಅಮೃತಶಿಲೆಯು ಹಳದಿಗೊಳ್ಳುತ್ತಿದೆಯೆಂಬ ದೂರಿಗೆ ಮೊದಲು ದೊರೆತ ವಿವರಣೆ ಗಂಧಕದ ಅನಿಲಗಳದು. ಗಂಧಕಾಮ್ಲವು ಸುಣ್ಣದ ಶಿಲೆಯನ್ನು ಜಿಪ್ಸಮ್ಮಾಗಿ ಮಾರ್ಪಡಿಸುತ್ತದೆಂಬುದು ರಸಾಯನಶಾಸ್ತ್ರದ ನಿಶ್ಚಿತ ಸತ್ಯ. 1996ರ ಡಿಸೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ಸುತ್ತಲಿನ 292 ಕೈಗಾರಿಕೆಗಳು ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕು, ಇಲ್ಲವೇ ಸ್ಥಳಾಂತರಗೊಳ್ಳಬೇಕೆಂದು ಆದೇಶಿಸಿತು. ಆ ವೇಳೆಗಾಗಲೇ, 1994ರಲ್ಲಿ, ಮುಲ್ತಾನಿ ಮಿಟ್ಟಿಯ ಲೇಪದಿಂದ ಶಿಲೆಯನ್ನು ಶುದ್ಧಗೊಳಿಸುವ ಕಾರ್ಯ ಆರಂಭವಾಗಿತ್ತು. ಜೇಡಿಯನ್ನು ಕಲಸಿ ತೆಳುವಾಗಿ ಹಚ್ಚಿ, ಅದು ಒಣಗುತ್ತ ಶಿಲೆಯ ರಂಧ್ರಗಳಲ್ಲಿನ ಜಿಡ್ಡು, ಕೊಳೆಗಳನ್ನು ಹೀರಿಕೊಂಡ ಮೇಲೆ ಮೃದುವಾಗಿ ತೆಗೆದು ಶುದ್ಧೀಕರಿಸಿದ ನೀರಿನಿಂದ ತೊಳೆಯುವುದು ಇದರ ವಿಧಾನ. ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಮಣ್ಣೇ ಇದು. ಆಮ್ಲ, ಕಾಸ್ಟಿಕ್ ಸೋಡಾಗಳಿಗೆ ಹೋಲಿಸಿದರೆ ಈ ಲೇಪ ನಿಜವಾಗಿಯೂ ಸೌಮ್ಯವಾದುದು.

ಆದರೆ ಲೇಪವನ್ನು 2001ರಲ್ಲಿಯೂ 2008ರಲ್ಲಿಯೂ ಅನಂತರವೂ ಮತ್ತೆ ಮತ್ತೆ ಹಚ್ಚಬೇಕಾಯಿತು. ಕಾನಪುರದ ಐ.ಐ.ಟಿ., ಅಮೆರಿಕದ ಜಾರ್ಜಿಯಾ ಟೆಕ್ ಮತ್ತು ಪುರಾತತ್ತ್ವ ಸರ್ವೇಕ್ಷಣದ ವಿಜ್ಞಾನಿಗಳು ಕೂಡಿ ನಡೆಸಿ 2014ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನವು ಸರಳವಾದ ಉಪಾಯವೊಂದನ್ನು ಅನುಸರಿಸಿತು. ಅಮೃತಶಿಲೆಯ ಚಿಕ್ಕ ತುಣುಕುಗಳನ್ನು ಅಲ್ಲಿ ಎರಡು ತಿಂಗಳ ಕಾಲ ಇರಿಸಿ, ಅವುಗಳ ಮೇಲೆ ಬಿದ್ದ ಕಣಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಲಾಯಿತು. ಬಣ್ಣಗೆಡುವಿಕೆಗೆ ಕಾರಣವಾದವು ಧೂಳು ಮತ್ತು ಇಂಗಾಲಯುಕ್ತ ಕಣಗಳು. ಕಸ, ಸೆಗಣಿ, ಸೌದೆಗಳನ್ನು ಸುಡುವುದರಿಂದ ಹೊಮ್ಮುವಂಥವು ಇವುಗಳಲ್ಲಿದ್ದವು. ಅವು ನೀಲಿ ಬೆಳಕನ್ನು ಹೀರುವುದರಿಂದ ಶಿಲೆ ಹಳದಿಯಾಗಿ ತೋರುತ್ತದೆ. 2016ರಲ್ಲಿ ಗೋಡೆಯ ಮೇಲೆ ಹಸಿರು ಕಲೆಗಳು ಕಂಡಾಗ ಅವು ಕಲುಷಿತ ಯಮುನೆಯಲ್ಲಿ ಹುಟ್ಟುವ ಕೀಟಗಳ ವಿಸರ್ಜನೆಯೆಂದು ಗೊತ್ತಾಯಿತು. ಒಂದೇ ಗೋಡೆಯ ಮೇಲಿನ ಮೂರು ವಿಕಾರಗಳಿಗೆ ಮೂರು ಕಾರಣಗಳು. ಮೂರರ ಪರಿಹಾರವೂ ಗೋಡೆಯಿಂದ ಹೊರಗಿದೆ.

ಇಂದು ನಿದಾನದ ಸಾಧನಗಳು ವಿಪುಲವಾಗಿವೆ. ಓರೆಯಾಗಿ ಬಿಟ್ಟ ದೀಪದ ಬೆಳಕೇ ಅವುಗಳಲ್ಲಿ ಅತ್ಯಂತ ಅಗ್ಗದ್ದು. ಉಬ್ಬುತಗ್ಗುಗಳನ್ನು ಅದು ಹೇಳುವಷ್ಟು ಬೇರೆ ಯಾವುದೂ ಹೇಳಲಾರದು. ಅತಿನೇರಳೆ ಕಿರಣದಲ್ಲಿ ಅರಗು ಮುಂತಾದ ಲೇಪಗಳು ಬೇರೆ ಬಣ್ಣದಿಂದ ಹೊಳೆದು ತಮ್ಮ ಗುಟ್ಟನ್ನು ಬಿಟ್ಟುಕೊಡುತ್ತವೆ. ಶಾಖವನ್ನು ದಾಖಲಿಸುವ ಕ್ಯಾಮೆರಾವು ಗೋಡೆಯಿಂದ ಬಿಟ್ಟುಕೊಂಡ ಗಾರೆಯನ್ನೂ ಒಳಗಿನ ತೇವವನ್ನೂ ಗುರುತಿಸುತ್ತದೆ. ಕ್ಷಕಿರಣ ಪ್ರತಿದೀಪ್ತಿಯು ಬಣ್ಣದಲ್ಲಿ ಸೀಸವಿದೆಯೋ ಪಾದರಸವಿದೆಯೋ ಎಂಬುದನ್ನು ಚೂರನ್ನೂ ಕೀಳದೆ ತಿಳಿಸುತ್ತದೆ. 1972ರಲ್ಲಿ ವೆನಿಸ್ಸಿನಲ್ಲಿ ಜಾನ್ ಆಸ್ಮಸ್ ಪ್ರಯೋಗಿಸಿದ ಲೇಸರ್ ಶುದ್ಧೀಕರಣದಲ್ಲಿ ಕಪ್ಪುಪೊರೆಯು ಬೆಳಕನ್ನು ಹೀರಿ ಆವಿಯಾಗುತ್ತದೆ, ಬಿಳಿಯ ಕಲ್ಲು ಅದನ್ನು ಹಿಂದಿರುಗಿಸುತ್ತದೆ. ಫ್ರಾನ್ಸಿನ ಅಮಿಯೆನ್ಸ್ ಪ್ರಧಾನ ಇಗರ್ಜಿಯ ಬಾಗಿಲುವಾಡದ ಶಿಲ್ಪಗಳ ಮೇಲೆ ಮಧ್ಯಯುಗದ ಬಣ್ಣದ ಕುರುಹುಗಳು 1990ರ ದಶಕದಲ್ಲಿ ಹೊರಬಂದುದು ಈ ವಿಧಾನದಿಂದ. ಆದರೆ ಅದೇ ಕಿರಣ ಇಂಗುಲಿಕದ ಕೆಂಪನ್ನೂ ಸೀಸದ ಬಿಳಿಯನ್ನೂ ಕಪ್ಪಾಗಿಸಬಲ್ಲದು.

ಕನ್ನಡ ಸಂಶೋಧಕರಿಗೆ ಇವೆಲ್ಲ ಏಕೆ ಬೇಕು ಎಂದು ಕೇಳಬಹುದು. ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಳಿ ಬೊಮ್ಮಲಗುಟ್ಟ ಎಂಬ ಬೆಟ್ಟವಿದೆ. ಪಂಪನ ತಮ್ಮ ಜಿನವಲ್ಲಭನು ಹತ್ತನೆಯ ಶತಮಾನದಲ್ಲಿ ಅಲ್ಲಿಯ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಸಿದನು. ಕವಿಯ ತಂದೆ ಭೀಮಪ್ಪಯ್ಯ, ತಾಯಿ ಅಬ್ಬಣಬ್ಬೆ ಎಂಬುದೂ ತಾಯಿಯ ಕಡೆಯವರು ಅಣ್ಣಿಗೇರಿಯವರೆಂಬುದೂ ನಮಗೆ ತಿಳಿದುದು ಈ ಬಂಡೆಯಿಂದ. ಆದಿಕವಿಯ ಜೀವನವೃತ್ತಾಂತದ ಒಂದು ಭಾಗವು ಆ ಕಲ್ಲಿನ ಮೇಲ್ಪದರದಲ್ಲಿದೆ. ಅಂಥ ಪದರವನ್ನು ಕ್ಷಣಾರ್ಧದಲ್ಲಿ ಅಳಿಸಬಲ್ಲ ವಿಧಾನವೊಂದು ದಕ್ಷಿಣದ ದೇವಾಲಯಗಳಲ್ಲಿ ಬಳಕೆಗೆ ಬಂದುದನ್ನು ಮರೆಯುವಂತಿಲ್ಲ. ಕುಂಭಾಭಿಷೇಕಕ್ಕೆ ಮೊದಲು ಎಣ್ಣೆಜಿಡ್ಡು, ಸುಣ್ಣ, ಬಣ್ಣಗಳನ್ನು ತೆಗೆಯಲು ಒತ್ತಡದ ಗಾಳಿಯಲ್ಲಿ ಮರಳನ್ನು ಚಿಮ್ಮಿಸುವುದು ತಮಿಳುನಾಡಿನಲ್ಲಿ ಬಹಳ ಕಾಲ ನಡೆದು ವಿದ್ವಾಂಸರ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಕಣಶಿಲೆಯ ನಯವಾದ ಹೊರಪೊರೆ ಹರಿದು ಹರಳುಗಳ ನಡುವಿನ ಸಂದುಗಳು ತೆರೆದುಕೊಂಡರೆ ಕಲ್ಲು ಮೊದಲಿಗಿಂತ ಹೆಚ್ಚು ನೀರನ್ನೂ ಧೂಳನ್ನೂ ಹಿಡಿಯುತ್ತದೆ. ಅಕ್ಷರದ ಅಂಚು ಮೊದಲೇ ಹೋಗಿರುತ್ತದೆ. ಇನ್ನು ಎನಾಮೆಲ್ ಬಣ್ಣವನ್ನೂ ಸಿಮೆಂಟನ್ನೂ ಬಳಿಯುವವರು ‘ನವಸುಧಾಕರ್ಮ’ವನ್ನೇ ಮುಂದುವರಿಸುತ್ತಿದ್ದೇವೆಂದು ಹೇಳಿಕೊಳ್ಳಬಹುದು. ಸುಣ್ಣವು ಒಳಗಿನ ತೇವವನ್ನು ಹೊರಬಿಡುತ್ತದೆ, ಸವೆದು ತಾನು ಹೋಗಿ ಕಲ್ಲನ್ನು ಉಳಿಸುತ್ತದೆ. ಈ ಹೊಸ ಲೇಪಗಳು ತೇವವನ್ನು ಒಳಗೇ ಬಂಧಿಸಿ, ಕೊನೆಗೆ ಕಲ್ಲಿನ ಚಕ್ಕೆಯೊಡನೆ ಕಳಚುತ್ತವೆ.

ಶಾಸನಾಧ್ಯಯನದ ಕ್ರಮಗಳೂ ಈ ವಿಮರ್ಶೆಯಿಂದ ಹೊರತಲ್ಲ. ಪಡಿಯಚ್ಚು ತೆಗೆಯುವ ಮೊದಲು ಕಲ್ಲನ್ನು ತಂತಿಯ ಬ್ರಷ್ಷಿನಿಂದ ಉಜ್ಜುವುದು, ಓದಲು ಅನುಕೂಲವೆಂದು ಅಕ್ಷರಗಳಿಗೆ ಸೀಮೆಸುಣ್ಣವನ್ನೋ ಮೈದಾಹಿಟ್ಟನ್ನೋ ತುಂಬುವುದು ಇಂದಿಗೂ ಅಪರೂಪವಲ್ಲ. ಮೃದುವಾದ ಬಳಪದ ಕಲ್ಲಿನ ಮೇಲೆ ತಂತಿ ಎಳೆದ ಗೀರು ಮುಂದಿನ ಓದುಗನಿಗೆ ಕೊಂಬಾಗಿಯೋ ದೀರ್ಘವಾಗಿಯೋ ಕಾಣಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಕೈಗೊಂಡ ಮೂರು ಆಯಾಮಗಳ ಸ್ಕ್ಯಾನಿಂಗ್ ಕಾರ್ಯವು ಕಲ್ಲನ್ನು ಉಜ್ಜಿ ಕಾಗದ ಬಡಿಯದೆಯೇ ಅಕ್ಷರಗಳನ್ನು ದಾಖಲಿಸಬಹುದೆಂಬುದನ್ನು ತೋರಿಸಿದೆ. ಇದಕ್ಕೆ ಪೂರಕವಾಗಿ ಹಳೆಯ ಪಡಿಯಚ್ಚುಗಳನ್ನೂ ಹೊಸ ಕಣ್ಣಿನಿಂದ ನೋಡಬೇಕಾಗಿದೆ. ಮೈಸೂರಿನಲ್ಲಿರುವ ಪುರಾತತ್ತ್ವ ಸರ್ವೇಕ್ಷಣದ ಶಾಸನಶಾಖೆಯ ಸಂಗ್ರಹದಲ್ಲಿನ ಪಡಿಯಚ್ಚುಗಳು ಪಾಠನಿರ್ಣಯಕ್ಕಷ್ಟೇ ಒದಗುವ ಸಾಮಗ್ರಿಯಲ್ಲ. ಅವು ಆಯಾ ವರ್ಷದಲ್ಲಿ ಆಯಾ ಕಲ್ಲಿನ ಮೇಲ್ಮೈ ಹೇಗಿತ್ತೆಂಬುದರ ದಾಖಲೆಗಳೂ ಹೌದು. ಅವುಗಳನ್ನು ಇಂದಿನ ಕಲ್ಲಿನೊಡನೆ ಸಾಲು ಸಾಲಾಗಿ ಹೋಲಿಸಿದರೆ ಎಷ್ಟು ಅಕ್ಷರಗಳು, ಯಾವ ಅಂಚಿನಿಂದ, ಯಾವ ಕ್ರಮದಲ್ಲಿ ನಷ್ಟವಾಗಿವೆ ಎಂಬುದನ್ನು ಲೆಕ್ಕಹಾಕಬಹುದು. ಸೊಲ್ಲಾಪುರ, ಕರೀಂನಗರ, ಕರ್ನೂಲು, ಅನಂತಪುರ ಜಿಲ್ಲೆಗಳ ಕನ್ನಡ ಶಾಸನಗಳನ್ನು ಕೈಗೆತ್ತಿಕೊಳ್ಳುವ ಹೊರನಾಡಿನ ಸಂಶೋಧಕರು ಪಾಠದ ಜೊತೆಗೆ ಕಲ್ಲಿನ ಜಾತಿ, ಮೇಲಿರುವ ಲೇಪ, ಬಿರುಕು, ಹಾವಸೆ, ಹಿಂದೆ ಆಗಿರುವ ಶುದ್ಧೀಕರಣ ಇವಿಷ್ಟನ್ನು ನಾಲ್ಕು ಸಾಲಿನಲ್ಲಿ ದಾಖಲಿಸಿದರೆ ಈ ಹೋಲಿಕೆಗೆ ಬೇಕಾದ ಎರಡನೆಯ ಸಾಕ್ಷಿಯು ದೊರೆಯುತ್ತದೆ.