ಓಟದ ಜೊತೆಗೆ ಮನೆಯಲ್ಲೇ ಸಾಮು

ಉತ್ಸಾಹದಿಂದ ಓಡಲು ಶುರುಮಾಡಿದ ಎಷ್ಟೋ ಜನ ನಾಲ್ಕಾರು ತಿಂಗಳಲ್ಲಿ ಮಂಡಿ ನೋವು, ಹಿಮ್ಮಡಿ ನೋವು ಎಂದು ಬೂಟನ್ನು ಮೂಲೆಗಿಡುತ್ತಾರೆ. ‘ಓಡಿದರೆ ಮಂಡಿ ಸವೆಯುತ್ತದೆ, ನಡೆದರೆ ಸಾಲದೇ?’ ಎಂದು ಮನೆಯವರೂ ಹೇಳುತ್ತಾರೆ. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಕಂಡದ್ದು ಬೇರೆ. ಹವ್ಯಾಸಕ್ಕಾಗಿ ಓಡುವವರಲ್ಲಿ ಮಂಡಿ ಮತ್ತು ಸೊಂಟದ ಕೀಲುಸವೆತ ಇದ್ದದ್ದು ಶೇ. 3.5ರಷ್ಟು ಜನರಿಗೆ, ಓಡದೆ ಕುಳಿತೇ ಇರುವವರಲ್ಲಿ ಶೇ. 10.2ರಷ್ಟು. ಹಾಗಾಗಿ ಹವ್ಯಾಸದ ಓಟವನ್ನೇ ದೂರಬೇಕಾಗಿಲ್ಲ. ಹೆಚ್ಚಿನ ಸಲ ತೊಂದರೆ ಬರುವುದು ಕಾಲು ಸಿದ್ಧವಾಗುವ ಮೊದಲೇ ದೂರ ಹೆಚ್ಚಿಸುವುದರಿಂದ.

ಕಾಲಿನ ಮೇಲೆ ಬೀಳುವ ಭಾರ

ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. 60 ಕಿಲೊ ತೂಕದವರಿಗೆ ಅದು 150 ಕಿಲೊ. 5 ಕಿಲೊಮೀಟರಿಗೆ ಸುಮಾರು 5,000 ಹೆಜ್ಜೆ ಎಂದರೆ ಒಂದೊಂದು ಕಾಲೂ 2,500 ಸಲ ಈ ಭಾರ ಹೊರಬೇಕು. ಉಸಿರು ಕೆಲವೇ ವಾರಗಳಲ್ಲಿ ಓಟಕ್ಕೆ ಒಗ್ಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಈ ಅಂತರವನ್ನು ತುಂಬಲು ಸ್ನಾಯುಬಲದ ವ್ಯಾಯಾಮ ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ ಕನಿಷ್ಠ ಎರಡು ದಿನ ಇಂಥ ವ್ಯಾಯಾಮ ಬೇಕೆನ್ನುತ್ತದೆ.

ಮನೆಯಲ್ಲಿ ಮಾಡಬಹುದಾದ ಆರು

ಗರಡಿಮನೆ, ತಾಲೀಮುಗಳನ್ನು ಕಂಡವರಿಗೆ ಇವುಗಳಲ್ಲಿ ಕೆಲವು ಹೊಸವಲ್ಲ.

1. ಬಸ್ಕಿ: 10 ಸಲ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ಮೇಲೇಳುತ್ತದೆ, ವೇಗವೂ ಹೆಚ್ಚು. ಹೊಸಬರು ಹಿಮ್ಮಡಿಯನ್ನು ನೆಲಕ್ಕೂರಿ, ಕುರ್ಚಿಯ ಮೇಲೆ ಕೂರುವಂತೆ ನಿಧಾನವಾಗಿ ಇಳಿಯಲಿ.
2. ಹಿಮ್ಮಡಿ ಎತ್ತುವುದು: 12 ಸಲ. ಗೋಡೆ ಹಿಡಿದು ತುದಿಗಾಲಲ್ಲಿ ಎದ್ದು ನಿಧಾನವಾಗಿ ಇಳಿಯಬೇಕು. ರೂಢಿಯಾದ ಮೇಲೆ ಒಂಟಿಕಾಲಲ್ಲಿ. ಮೀನಖಂಡಕ್ಕೆ ಇದು ಮುಖ್ಯ.
3. ಮೆಟ್ಟಿಲು ಹತ್ತಿ ಇಳಿಯುವುದು: ಒಂದೊಂದು ಕಾಲಿಗೆ 8 ಸಲ. ಇಳಿಯುವಾಗ ಮಂಡಿ ಒಳಕ್ಕೆ ವಾಲಬಾರದು.
4. ಮಲಗಿ ಸೊಂಟ ಎತ್ತುವುದು: 12 ಸಲ. ಸೇತುಬಂಧಾಸನದ ಹಾಗೆ.
5. ದಂಡ: 6ರಿಂದ 10 ಸಲ. ಮೊದಲು ಗೋಡೆಗೆ, ಆಮೇಲೆ ಮಂಚದ ಅಂಚಿಗೆ, ಕೊನೆಗೆ ನೆಲದ ಮೇಲೆ.
6. ಪ್ಲ್ಯಾಂಕ್: ಮೊಣಕೈ ಊರಿ, ಮೈ ನೇರ ಹಿಡಿದು 20 ಸೆಕೆಂಡು.

ಮೊದಲ ತಿಂಗಳು ಎರಡು ಸುತ್ತು, ಆಮೇಲೆ ಮೂರು. ಅರ್ಧ ಗಂಟೆ ಸಾಕು. ಇನ್ನೆರಡು ಸಲ ಮಾಡುವಷ್ಟು ಶಕ್ತಿ ಉಳಿದಿರುವಾಗಲೇ ನಿಲ್ಲಿಸಿ. ಸುಲಭವೆನಿಸಿದಾಗ ಬರಿ ಎಣಿಕೆ ಹೆಚ್ಚಿಸುತ್ತ ಹೋಗುವ ಬದಲು ಭಾರ ಸೇರಿಸಿ: 5 ಲೀಟರ್ ನೀರಿನ ಕ್ಯಾನ್ ಎಂದರೆ 5 ಕಿಲೊ, ಬೆನ್ನಚೀಲದಲ್ಲಿ ಅಕ್ಕಿ ತುಂಬಿಕೊಂಡರೂ ಆದೀತು. ಉಸಿರು ಬಿಗಿಹಿಡಿಯಬೇಡಿ, ರಕ್ತದೊತ್ತಡ ಏರುತ್ತದೆ.

ವಾರದ ಹೊಂದಾಣಿಕೆ

- ಮಂಗಳವಾರ: ಬೆಳಗ್ಗೆ ತುಸು ವೇಗದ ಓಟ, ಸಂಜೆ ಸಾಮು
- ಗುರುವಾರ: ಹಗುರ ಓಟ, ಮಾತಾಡುತ್ತ ಓಡಬಹುದಾದಷ್ಟು
- ಶುಕ್ರವಾರ: ಸಾಮು
- ಭಾನುವಾರ: ವಾರದ ದೂರದ ಓಟ
- ಸೋಮ, ಬುಧ, ಶನಿ: ವಿಶ್ರಾಂತಿ ಅಥವಾ ನಡಿಗೆ

ಕಷ್ಟದ ಕೆಲಸಗಳೆರಡೂ ಮಂಗಳವಾರವೇ ಬಂದರೆ ಬುಧವಾರ ನಿಜವಾದ ಬಿಡುವು ಸಿಗುತ್ತದೆ. ದೂರದ ಓಟದ ಹಿಂದಿನ ದಿನ ಕಾಲಿನ ಸಾಮು ಬೇಡ. ಎರಡನ್ನೂ ಒಂದೇ ಹೊತ್ತಿಗೆ ಮಾಡಲೇಬೇಕಾದರೆ ಓಟ ಮೊದಲು. ಹೊಸದಾಗಿ ಸಾಮು ಶುರುಮಾಡಿದ ಎರಡು ವಾರ ಓಟದ ದೂರವನ್ನು ಹೆಚ್ಚಿಸಬೇಡಿ.

ಊರಿಗೆ ತಕ್ಕಂತೆ

ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಓಟ ತಪ್ಪಿದ ದಿನಕ್ಕೆ ಸಾಮನ್ನು ಹೊಂದಿಸಿಕೊಳ್ಳಬಹುದು. ನೀಲಗಿರಿಯವರಿಗೆ ಏರಿಗಿಂತ ಇಳಿಜಾರೇ ತೊಡೆಯನ್ನು ಹೆಚ್ಚು ನೋಯಿಸುತ್ತದೆ. ಮೆಟ್ಟಿಲು ಇಳಿಯುವ ವ್ಯಾಯಾಮವನ್ನು ಅವರು ಬಿಡಬಾರದು. ಸೊಲ್ಲಾಪುರ, ಆದೋನಿಯ ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಓಟ ಮುಗಿಯಲಿ, ಸಾಮು ಸಂಜೆಗಿರಲಿ.

ಸ್ನಾಯು ಬೆಳೆಯಲು ಪ್ರೋಟೀನ್ ಬೇಕು, ಡಬ್ಬಿಯ ಪುಡಿಯೇ ಆಗಬೇಕೆಂದಿಲ್ಲ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಮುದ್ದೆಗೆ ಹುರುಳಿ ಸಾರು, ರೊಟ್ಟಿಗೆ ಶೇಂಗಾ ಹಿಂಡಿ ಮತ್ತು ಮೊಸರು ಒಳ್ಳೆಯ ಜೋಡಿಗಳು.

ಯಾವಾಗ ನಿಲ್ಲಿಸಬೇಕು?

ಸಾಮು ಮಾಡಿದ ಮರುದಿನ ಎರಡೂ ತೊಡೆ ಹಿಡಿದುಕೊಂಡಂತಾಗುವುದು ಸಹಜ. ಮೂರು ದಿನದೊಳಗೆ ಇಳಿಯುತ್ತದೆ. ಒಂದೇ ಕಡೆ ಚುಚ್ಚುವ ನೋವು, ಕೀಲಿನ ಊತ, ಬೆರಳಿಟ್ಟು ತೋರಿಸಬಹುದಾದ ಮೂಳೆನೋವು ಕಂಡರೆ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಎದೆನೋವು ಅಥವಾ ತಲೆಸುತ್ತು ಬಂದರೆ ತಡಮಾಡಬೇಡಿ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರೂ ಇತ್ತೀಚೆಗೆ ಹೆರಿಗೆ ಅಥವಾ ಶಸ್ತ್ರಚಿಕಿತ್ಸೆ ಆದವರೂ ಮೊದಲೇ ವೈದ್ಯರನ್ನು ಕೇಳಿ ಶುರುಮಾಡುವುದು ಒಳಿತು.

ಮದುವೆ, ಜಾತ್ರೆ, ಪರೀಕ್ಷೆ ಎಂದು ಬಿಡುವಿಲ್ಲದ ವಾರಗಳು ಎಲ್ಲರಿಗೂ ಬರುತ್ತವೆ. ಆಗ ಒಂದೇ ಸುತ್ತು, ಹತ್ತು ನಿಮಿಷ ಮಾಡಿದರೂ ಸಾಕು. ಪೂರ್ತಿ ಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡುವುದಕ್ಕಿಂತ ಅದು ಸುಲಭ.