ಕಲ್ಪನೆಯ ತೋಟಕ್ಕೆ ನೀರೆರೆದವರು

ಇಲ್ಲದ ಲೋಕವೊಂದನ್ನು ಕಟ್ಟುವ ಕತೆಗಾರ ಅಲ್ಲೊಂದು ಹಣ್ಣಿನ ಮರವನ್ನೂ ನೆಡುತ್ತಾನೆ. ಹಣ್ಣಿನ ಬಣ್ಣ, ರುಚಿ ಬಣ್ಣಿಸುವುದು ಕಷ್ಟವಲ್ಲ. ಆ ಹಣ್ಣನ್ನು ತಿನ್ನುವವರು ಯಾರು, ಮರವನ್ನು ಸಾಕಿದವರು ಯಾರು ಎಂಬುದಕ್ಕೆ ಉತ್ತರ ಕೊಟ್ಟವರು ಮಾತ್ರ ಕಡಿಮೆ. ಎರಡು ಸಾವಿರ ವರ್ಷಗಳ ಈ ಕಲ್ಪಿತ ಸಸ್ಯಲೋಕವನ್ನು ಆ ಎರಡು ಪ್ರಶ್ನೆ ಹಿಡಿದು ನೋಡಿದರೆ ಅದರ ಬೆಳವಣಿಗೆ ಚೆನ್ನಾಗಿ ಕಾಣುತ್ತದೆ.

ಹಳೆಯ ಮರಗಳಿಗೆ ಗಾತ್ರವೇ ಹೆಗ್ಗಳಿಕೆ. ವಿಷ್ಣುಪುರಾಣದ ಜಂಬೂವೃಕ್ಷದ ಹಣ್ಣುಗಳು ಆನೆಯಷ್ಟು ದೊಡ್ಡವು. ಅವು ಬೆಟ್ಟದ ಮೇಲೆ ಬಿದ್ದು ಒಡೆದು, ರಸ ಹರಿದು ನದಿಯಾಗುತ್ತದೆ. ಕುಡಿದವರಿಗೆ ಬೆವರಿಲ್ಲ, ಮುಪ್ಪಿಲ್ಲ. ರಸದಲ್ಲಿ ನೆನೆದ ದಡದ ಮಣ್ಣು ಗಾಳಿಗೆ ಒಣಗಿ ಜಾಂಬೂನದವೆಂಬ ಚಿನ್ನವಾಗುತ್ತದೆ. ಎರಡನೆಯ ಶತಮಾನದ ಗ್ರೀಕ್ ಲೇಖಕ ಲೂಸಿಯನ್ ಚಂದ್ರಲೋಕದಲ್ಲಿ ನೀರಿನ ದ್ರಾಕ್ಷಿಬಳ್ಳಿ ಬೆಳೆಸಿದ. ಗಾಳಿಗೆ ಬಳ್ಳಿ ಅಲುಗಿ ಗೊಂಚಲು ಒಡೆದರೆ ನಮ್ಮಲ್ಲಿ ಆಲಿಕಲ್ಲು ಬೀಳುತ್ತದೆಯಂತೆ. ಎರಡರಲ್ಲೂ ಹಣ್ಣಿನ ಮುಂದಿನ ಗತಿಯನ್ನು ಯೋಚಿಸಿದ್ದಾರೆ, ತೋಟಗಾರನನ್ನು ಮರೆತಿದ್ದಾರೆ.

ಆ ಕೊರತೆ ತುಂಬಿದ್ದು ಜೈನ ಪುರಾಣ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ವಿಸ್ತರಿಸಿದ ಕತೆಯನ್ನು ಪಂಪ 941ರಲ್ಲಿ ಆದಿಪುರಾಣವಾಗಿ ಕನ್ನಡಕ್ಕೆ ತಂದ. ಆ ಕತೆಯ ಭೋಗಭೂಮಿಯಲ್ಲಿ, ಎಂದರೆ ದುಡಿಮೆಯಿಲ್ಲದ ಸುಖದ ನೆಲದಲ್ಲಿ, ಕಲ್ಪವೃಕ್ಷಗಳು ಹತ್ತು ಬಗೆ. ಊಟಕ್ಕೆ ಭೋಜನಾಂಗ, ಉಡಲು ವಸ್ತ್ರಾಂಗ, ಇರಲು ಗೃಹಾಂಗ, ಬೆಳಕಿಗೆ ಜ್ಯೋತಿರಂಗ, ವಾದ್ಯಕ್ಕೆ ತೂರ್ಯಾಂಗ. ಕೇಳಿದ್ದೆಲ್ಲ ಸಿಗುವ ಈ ಲೋಕ ಇಷ್ಟಕ್ಕೇ ನಿಂತಿದ್ದರೆ ಬೇರೆ ಸ್ವರ್ಗಗಳ ಸಾಲಿಗೆ ಸೇರುತ್ತಿತ್ತು. ಆದರೆ ಇಲ್ಲಿ ಕಾಲ ಇಳಿಯುತ್ತದೆ, ಮರಗಳ ಕಸುವು ಕುಂದುತ್ತದೆ. ಇರುವ ಮರಗಳಿಗಾಗಿ ಜನ ಜಗಳಕ್ಕೆ ನಿಲ್ಲುತ್ತಾರೆ. ಸೀಮಂಕರನೆಂಬ ಮನು, ಎಂದರೆ ಜನರಿಗೆ ದಾರಿ ತೋರುವ ನಾಯಕ, ಮರಗಳಿಗೆ ಗಡಿ ಹಾಕಿಕೊಡುತ್ತಾನೆ. ಮುಂದಿನ ಮನು ಸೀಮಂಧರನ ಕಾಲಕ್ಕೆ ಗಿಡಪೊದೆಗಳ ಗುರುತಿಟ್ಟು ಆ ಗಡಿಯನ್ನು ಬಿಗಿಮಾಡಬೇಕಾಗುತ್ತದೆ. ಕೊನೆಗೆ ಕಲ್ಪವೃಕ್ಷಗಳೇ ಇಲ್ಲವಾಗಿ, ನೆಲದಲ್ಲಿ ತಾವಾಗಿ ಎದ್ದ ಧಾನ್ಯ, ಹಣ್ಣಿನ ಗಿಡಗಳ ಮುಂದೆ ಹಸಿದ ಜನ ದಿಕ್ಕುತೋಚದೆ ನಿಂತಾಗ, ಯಾವುದು ಊಟ, ಯಾವುದು ವಿಷ ಎಂದು ಮನು ನಾಭಿರಾಜ ತಿಳಿಸುತ್ತಾನೆ. ಕಬ್ಬು ಹಿಂಡಿ ರಸ ತೆಗೆಯುವುದನ್ನೂ ಕಲಿಸುತ್ತಾನೆ. ಅವನ ಮಗ ವೃಷಭದೇವ ಹೇಳಿಕೊಡುವ ಆರು ಕಸುಬುಗಳಲ್ಲಿ ಕೃಷಿಯೂ ಒಂದು. ಮರ ಕೊಡುವುದನ್ನು ನಿಲ್ಲಿಸಿದ ಮೇಲೆ ಬೇಲಿ ಹೇಗೆ ಬರುತ್ತದೆ, ಬೇಸಾಯ ಹೇಗೆ ಬರುತ್ತದೆ ಎಂದು ಇಷ್ಟು ಕ್ರಮವಾಗಿ ಯೋಚಿಸಿದ ಕತೆ ಇನ್ನೊಂದನ್ನು ನಾನು ಓದಿಲ್ಲ.

1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನೇಯಸ್ ಗಿಡಗಳಿಗೆಲ್ಲ ಎರಡು ಪದಗಳ ಲ್ಯಾಟಿನ್ ಹೆಸರನ್ನು ನೆಲೆಗೊಳಿಸಿದ ಮೇಲೆ ಕಲ್ಪಿತ ಗಿಡಗಳಿಗೂ ಆ ವೇಷ ಬಂತು. ಇಂಗ್ಲಿಷ್ ಕವಿ ಎಡ್ವರ್ಡ್ ಲಿಯರ್ 1871ರಲ್ಲಿ ಹಾಗೆ ಹೆಸರಿಟ್ಟ ಹುಚ್ಚು ಗಿಡಗಳ ಚಿತ್ರ ಬರೆದ. ನೂರಕ್ಕೂ ಹೆಚ್ಚು ವರ್ಷದ ನಂತರ, 1976ರಲ್ಲಿ, ಇಟಲಿಯಲ್ಲಿ ಕಲಾವಿದ ಲಿಯೋ ಲಿಯೋನಿ ಇಲ್ಲದ ಸಸ್ಯಗಳ ಬಗ್ಗೆ ಇಡೀ ಶಾಸ್ತ್ರಗ್ರಂಥವನ್ನೇ ರಚಿಸಿದ. ಸೊಗಸಾದ ಕೆಲಸಗಳು, ಆದರೆ ಹೊಟ್ಟೆಗಾಗುವಂಥವಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ತಿನ್ನುವವನು ಮುಂದೆ ಬಂದ. ಸಿ. ಎಸ್. ಲೂಯಿಸ್‌ನ 'ಪೆರೆಲಾಂಡ್ರ' (1943) ಕಾದಂಬರಿಯಲ್ಲಿ ಶುಕ್ರಗ್ರಹದ ತೇಲುದ್ವೀಪಕ್ಕೆ ಬಂದ ನಾಯಕ ರ‍್ಯಾನ್ಸಮ್ ಸೋರೆಯಂಥ ಹಳದಿ ಹಣ್ಣನ್ನು ಆಕಸ್ಮಿಕವಾಗಿ ತೂತುಮಾಡಿ ರಸ ಹೀರುತ್ತಾನೆ. ಭೂಮಿಯ ಯಾವ ರುಚಿಗೂ ಹೋಲಿಸಲಾಗದ ರುಚಿ. ಇನ್ನೊಂದು ಕೀಳಲು ಕೈ ಚಾಚಿದವನಿಗೆ ಹಸಿವೂ ಬಾಯಾರಿಕೆಯೂ ತೀರಿದ್ದು ಅರಿವಾಗಿ, ಕೀಳದೆ ಬಿಡುತ್ತಾನೆ. ಹಣ್ಣಿನ ಬಗ್ಗೆ ಬರೆದ ಪುಟಗಳಲ್ಲಿ ಇದಕ್ಕಿಂತ ನಿಜವಾದದ್ದು ಅಪರೂಪ.

ತೋಟಗಾರನನ್ನು ನಾಯಕನ ಪಕ್ಕದಲ್ಲೇ ನಿಲ್ಲಿಸಿದ್ದು ಟೋಲ್ಕಿನ್. 1955ರ 'ದ ರಿಟರ್ನ್ ಆಫ್ ದ ಕಿಂಗ್'ನಲ್ಲಿ ಯುದ್ಧ ಮುಗಿಸಿ ಊರಿಗೆ ಬಂದ ತೋಟಗಾರ ಸ್ಯಾಮ್‌ಗೆ ಕಾಣುವುದು ಕಡಿದುರುಳಿಸಿದ ಮರಗಳು. ಎಲ್ಫ್ ಒಡತಿ ಗಲಾಡ್ರಿಯೆಲ್ ಕೊಟ್ಟ ಪೆಟ್ಟಿಗೆಯ ಮಣ್ಣನ್ನು ಅವನು ಒಂದೊಂದು ಸಸಿಯ ಬುಡಕ್ಕೆ ಒಂದೊಂದೇ ಕಣ ಹಾಕುತ್ತಾ ಹೋಗುತ್ತಾನೆ. ಬೆಳ್ಳಿಬಣ್ಣದ ಒಂದೇ ಒಂದು ಬೀಜವನ್ನು ಊರ ಮೈದಾನದಲ್ಲಿ ಊರುತ್ತಾನೆ. ವಸಂತದಲ್ಲಿ ಮ್ಯಾಲರ್ನ್ ಎಂಬ ಮರದ ಸಸಿ ಏಳುತ್ತದೆ. ಗೊಬ್ಬರದ ಲೆಕ್ಕ ಗೊತ್ತಿದ್ದವನ ಬರವಣಿಗೆ ಇದು.

ಆಮೇಲೆ ಕಾಡೇ ಪಾತ್ರವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತ, ಬರ್ಮಾಗಳಲ್ಲಿ ಸೈನಿಕನಾಗಿದ್ದ ಬ್ರಯಾನ್ ಆಲ್ಡಿಸ್ 'ಹಾಟ್‌ಹೌಸ್' (1962) ಕಾದಂಬರಿಯಲ್ಲಿ ಭೂಮಿಯ ಹಗಲಿನ ಭಾಗದ ಇಡೀ ಖಂಡವೊಂದನ್ನು ಒಂದೇ ಆಲದ ಮರದಿಂದ ಮುಚ್ಚಿಬಿಟ್ಟ. ಅರ್ಸುಲಾ ಲೆ ಗ್ವಿನ್ 1971ರ ಕತೆಯೊಂದರಲ್ಲಿ ಪ್ರಾಣಿಯೇ ಇಲ್ಲದ, ಬರೀ ಸಸ್ಯಗಳ ಗ್ರಹವನ್ನು ಊಹಿಸಿದಳು. ಅಲ್ಲಿ ಬೇರು ಬೇರು ಹೆಣೆದುಕೊಂಡು ಇಡೀ ಕಾಡಿಗೆ ಒಂದೇ ಅರಿವು. ನಿಜದ ಕಾಡಿನಲ್ಲೂ ಮರಗಳ ನಡುವೆ ಕೊಡುಕೊಳ್ಳುವಿಕೆ ಉಂಟು: ಬರ್ಚ್ ಮತ್ತು ಡಗ್ಲಸ್ ಫರ್ ಮರಗಳ ನಡುವೆ ಇಂಗಾಲ ಸಾಗುವುದನ್ನು ವಿಜ್ಞಾನಿ ಸುಝಾನ್ ಸಿಮಾರ್ಡ್ ತಂಡ ತೋರಿಸಿದ್ದು 1997ರಲ್ಲಿ. ತಿರುಳಿರುವ ಹಣ್ಣು ಇರುವುದೇ ಪ್ರಾಣಿಗೆ ಆಸೆ ಹುಟ್ಟಿಸಿ ಬೀಜ ಸಾಗಿಸಲು. ತಿನ್ನುವ ಬಾಯಿಲ್ಲದ ಲೋಕದಲ್ಲಿ ಮರಕ್ಕೆ ಸಿಹಿಯ ಹಂಗೇ ಇಲ್ಲ ಎಂಬುದನ್ನು ಲೆ ಗ್ವಿನ್ ಊಹಿಸಿದ ಗ್ರಹ ನೆನಪಿಸುತ್ತದೆ.

ಇಷ್ಟಾದರೂ ಕಸಿಯ ಚಾಕು ಹಿಡಿದ ಪಾತ್ರ ಈ ತೋಟದಲ್ಲಿ ನನಗೆ ಸಿಕ್ಕಿಲ್ಲ. ಮಾವಿನ ವಾಟೆ ಹಾಕಿ ಬೆಳೆಸಿದವರಿಗೆ ಗೊತ್ತು: ಹಣ್ಣಿಗೆ ವರ್ಷಗಟ್ಟಲೆ ಕಾಯಬೇಕು, ಬಂದ ಹಣ್ಣು ತಾಯಿಮರದ್ದರಂತೆ ಇರುತ್ತದೆಂಬ ಖಾತ್ರಿಯಿಲ್ಲ. ಹೂ ಬಿಟ್ಟಾಗ ಜಿಗಿಹುಳ, ಬೂದಿರೋಗ ಬೇರೆ. ಬೇರೊಂದು ಲೋಕದ ರೈತನಿಗೂ ಇಂಥ ಕಷ್ಟಗಳಿರಬೇಕು. ಅವನ ಮರಕ್ಕೆ ಬೀಳುವ ಹುಳ ಯಾವುದು, ಬೆಳೆ ಕೈಕೊಟ್ಟ ವರ್ಷ ಅವನ ಮನೆಯಲ್ಲಿ ಏನು ಉಣ್ಣುತ್ತಾರೆ ಎಂಬುದನ್ನು ಬರೆಯುವವರು ಬರಲಿ.