‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಸಂಪಾದಕನೂ ಅವನ ಬಳಗವೂ

ಮರದ ತಿರುಳಿನಿಂದ ಮಾಡಿದ ಒರಟು ಕಾಗದದ ಮೇಲೆ ಅಚ್ಚಾಗಿ ಅಗ್ಗದ ಬೆಲೆಗೆ ಬಿಕರಿಯಾಗುತ್ತಿದ್ದ ಕಥಾಪತ್ರಿಕೆಗಳು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸುಮಾರು ಅರುವತ್ತು ವರುಷಗಳ ಕಾಲ ಜನಸಾಮಾನ್ಯರ ಓದಿಗೆ ಒದಗಿದುವು. ೧೮೯೬ರಲ್ಲಿ ಫ್ರಾಂಕ್ ಮನ್ಸಿ ಎಂಬವನು ತನ್ನ ‘ಆರ್ಗಸಿ’ ಪತ್ರಿಕೆಯನ್ನು ಬರಿಯ ಕಥೆಗಳಿಗೇ ಮೀಸಲುಮಾಡಿ ಇಂಥ ಕಾಗದದಲ್ಲಿ ಹೊರಡಿಸಿದುದೇ ಈ ಸಂಪ್ರದಾಯದ ಮೊದಲು. ಕಾಗದದಿಂದಲೇ ಅವಕ್ಕೆ ‘ಪಲ್ಪ್’ ಪತ್ರಿಕೆಗಳೆಂಬ ಹೆಸರು ಬಂದಿತು. ಆ ಕಾಗದದಲ್ಲಿರುವ ಆಮ್ಲವು ಕಾಲಕ್ರಮದಲ್ಲಿ ಹಾಳೆಗಳನ್ನು ಹಳದಿಗೊಳಿಸಿ ಪುಡಿಮಾಡುವುದು. ವಿದ್ವಾಂಸರಾದರೋ ಇವನ್ನು ಬಹುಕಾಲ ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ಆದುದರಿಂದ ಈ ಪತ್ರಿಕೆಗಳಲ್ಲಿ ದುಡಿದವರ ಚರಿತ್ರೆಯು ಅಭಿಮಾನಿಗಳ ಬಾಯಿಮಾತಿನಲ್ಲಿ ಬೆಳೆದು, ಕಥೆಯೂ ಸಂಗತಿಯೂ ಒಂದರೊಳಗೊಂದು ಹೆಣೆದುಕೊಂಡಿವೆ. ಅವುಗಳಲ್ಲಿ ಪ್ರಸಿದ್ಧವಾದ ‘ವಿಯರ್ಡ್ ಟೇಲ್ಸ್’ ಎಂಬುದೊಂದನ್ನೇ ತೆಗೆದುಕೊಂಡು ಈ ಹೆಣಿಗೆಯನ್ನು ಬಿಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಈ ಪತ್ರಿಕೆಯು ೧೯೨೩ನೆಯ ಮಾರ್ಚಿ ತಿಂಗಳಲ್ಲಿ ಷಿಕಾಗೋ ನಗರದಿಂದ ಹೊರಟಿತು. ಮೊದಲ ಸಂಚಿಕೆಗೆ ೧೯೨ ಪುಟಗಳು. ಬೆಲೆ ೨೫ ಸೆಂಟು. ಸ್ಥಾಪಕರಲ್ಲಿ ಮುಖ್ಯನು ಜೆ. ಸಿ. ಹೆನ್ನೆಬರ್ಗರ್, ಸಂಪಾದಕನು ಎಡ್ವಿನ್ ಬೇರ್ಡ್. ಭಯಾನಕ, ಅದ್ಭುತ ರಸಗಳ ಕಥೆಗಳಿಗೇ ಪತ್ರಿಕೆಯೊಂದು ಇರಬೇಕೆಂಬ ಹಂಬಲವು ಒಳ್ಳೆಯದೇ. ಆದರೆ ವರುಷ ತುಂಬುವಷ್ಟರಲ್ಲಿ ಸಾಲ ತಲೆಯವರೆಗೆ ಏರಿತು. ೧೯೨೪ರಲ್ಲಿ ಎಚ್. ಪಿ. ಲವ್‌ಕ್ರಾಫ್ಟನಿಗೆ ಸಂಪಾದಕ ಪದವಿಯನ್ನು ಕೊಡಲು ಹೆನ್ನೆಬರ್ಗರನು ಮುಂದೆ ಬಂದನು. ಷಿಕಾಗೋಗೆ ಹೋಗಿ ನೆಲೆಸಲು ಅವನಿಗೆ ಇಷ್ಟವಿರಲಿಲ್ಲ. ಪದವಿಯು ಫಾರ್ನ್ಸ್‌ವರ್ತ್ ರೈಟನಿಗೆ ದೊರೆಯಿತು. ಅವನು ಸಂಗೀತ ವಿಮರ್ಶಕನಾಗಿದ್ದವನು, ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ದುಭಾಷಿಯಾಗಿದ್ದವನು. ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವನದೂ ಒಂದು ಕಥೆ ಇದ್ದಿತು. ೧೯೨೪ನೆಯ ನವಂಬರಿನಿಂದ ೧೯೪೦ರವರೆಗೆ ಪತ್ರಿಕೆ ಅವನ ಕೈಯಲ್ಲಿದ್ದಿತು. ಈ ಅವಧಿಯಲ್ಲೆಲ್ಲ ಅವನಿಗೆ ಪಾರ್ಕಿನ್ಸನ್ ಎಂಬ ನಡುಕದ ರೋಗವಿದ್ದು, ಕಡೆಕಡೆಗೆ ತನ್ನ ಹೆಸರನ್ನು ಕೈಯಾರೆ ಬರೆಯುವುದೂ ಅವನಿಗೆ ಸಾಧ್ಯವಾಗದೆ ಹೋಯಿತು.

ರೈಟನ ಮೇಲೆ ಹೊರಿಸುವ ದೊಡ್ಡ ಅಪವಾದವೆಂದರೆ ಲವ್‌ಕ್ರಾಫ್ಟನ ಕೃತಿಗಳನ್ನು ಹಿಂದಿರುಗಿಸಿದನೆಂಬುದು. ಇದು ನಿಜ. ೧೯೨೬ರಲ್ಲಿ ಬರೆದ ‘ದಿ ಕಾಲ್ ಆಫ್ ಕ್ಥುಲ್ಹು’ ಕಥೆಯನ್ನು ಅವನು ಮೊದಲು ಒಲ್ಲೆನೆಂದನು. ಬಳಿಕ ಮನಸ್ಸು ಬದಲಾಯಿಸಿ ೧೯೨೮ನೆಯ ಫೆಬ್ರವರಿಯಲ್ಲಿ ಪ್ರಕಟಿಸಿದನು. ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ಎಂಬ ದೀರ್ಘ ಕಥೆಯನ್ನು ೧೯೩೧ರಲ್ಲಿ ತಿರಸ್ಕರಿಸಿದುದರಿಂದ ಲೇಖಕನು ಬಹಳ ನೊಂದು, ಬರೆಯುವ ಉತ್ಸಾಹವನ್ನೇ ಬಹುಮಟ್ಟಿಗೆ ಕಳೆದುಕೊಂಡನು. ಅದು ೧೯೩೬ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಬೆಳಕು ಕಂಡಿತು. ಮರುವರುಷವೇ ಲವ್‌ಕ್ರಾಫ್ಟನು ತೀರಿಕೊಂಡನು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಟೆನ್ನೆಸೀ ವಿಲಿಯಮ್ಸ್ ಎಂದು ಮುಂದೆ ನಾಟಕಕಾರನಾಗಿ ಹೆಸರಾದ ಹುಡುಗನು ಹದಿನೇಳು ವರುಷದವನಾಗಿದ್ದಾಗ ಅವನ ಕಥೆಯನ್ನು ೩೫ ಡಾಲರು ಕೊಟ್ಟು ೧೯೨೮ನೆಯ ಆಗಸ್ಟಿನಲ್ಲಿ ಅಚ್ಚುಹಾಕಿದವನು ಈ ರೈಟನೇ. ಸಿ. ಎಲ್. ಮೂರ್ ಎಂಬ ಹೊಸ ಲೇಖಕಿಯ ‘ಷಾಂಬ್ಲೋ’ ಕಥೆಯ ಹಸ್ತಪ್ರತಿಯನ್ನು ಓದಿದ ದಿನ ಅವನು ಸಂತೋಷದಿಂದ ಕಚೇರಿಗೇ ರಜ ಕೊಟ್ಟನೆಂದು ಪ್ರತೀತಿ. ನನ್ನ ಅಭಿಪ್ರಾಯದಲ್ಲಿ ಅವನಿಗೆ ಕೊರತೆಯಾಗಿದ್ದುದು ರುಚಿಯಲ್ಲ, ಧೈರ್ಯ. ಮುಂದಿನ ತಿಂಗಳು ಪತ್ರಿಕೆ ಹೊರಡುವುದೋ ಇಲ್ಲವೋ ಎಂದು ಅಂಜುವವನಲ್ಲಿ ಧೈರ್ಯವನ್ನು ಹುಡುಕುವುದು ಓದುಗನಿಗೆ ಸುಲಭ.

ಮೂರ್ ಎಂಬಾಕೆಯ ವಿಷಯದಲ್ಲಿ ಬೇರೂರಿದ ಭ್ರಾಂತಿಯೊಂದನ್ನು ಇಲ್ಲಿ ತೆಗೆಯಬೇಕಾಗಿದೆ. ಹೆಂಗಸೆಂಬುದನ್ನು ಮುಚ್ಚಿಡುವುದಕ್ಕಾಗಿ ಆಕೆ ಕ್ಯಾಥರೀನ್ ಲೂಸಿಲ್ ಎಂಬ ಹೆಸರನ್ನು ಎರಡು ಅಕ್ಷರಗಳಿಗೆ ಇಳಿಸಿದಳೆಂದು ಹಲವರು ಬರೆದಿರುವರು. ಆಕೆಯೇ ಹೇಳಿದ ಕಾರಣ ಬೇರೆ. ಇಂಡಿಯಾನಪೊಲಿಸಿನ ಬ್ಯಾಂಕಿನಲ್ಲಿ ಆಕೆಗೆ ಕೆಲಸ; ದೇಶದಲ್ಲಿ ಕೆಲಸವಿಲ್ಲದವರ ಸಾಲು ಬೆಳೆಯುತ್ತಿದ್ದ ಕಾಲ; ಮೇಲುಸಂಪಾದನೆಯ ಸುದ್ದಿ ಧಣಿಗಳಿಗೆ ತಿಳಿದರೆ ಎಲ್ಲಿ ಕೆಲಸ ಹೋಗುವುದೋ ಎಂಬ ಭಯವೇ ಕಾರಣವಾಗಿದ್ದಿತು.

ಪತ್ರಿಕೆಯ ಮುಖಚಿತ್ರಗಳನ್ನು ಬರೆದ ಮಾರ್ಗರೆಟ್ ಬ್ರಂಡೇಜಳೂ ‘ಎಂ. ಬ್ರಂಡೇಜ್’ ಎಂದೇ ರುಜುಹಾಕುತ್ತಿದ್ದಳು. ಷಿಕಾಗೋದವಳೇ ಆದ ಈಕೆಗೆ ಮಗನನ್ನೂ ತಾಯಿಯನ್ನೂ ಸಾಕುವ ಹೊಣೆಯಿದ್ದಿತು. ಪ್ಯಾಸ್ಟೆಲ್ ಎಂಬ ಬಣ್ಣದ ಬಳಪಗಳಿಂದ ಚಿತ್ರಿಸುವುದು ಈಕೆಯ ಪದ್ಧತಿ. ಚಿತ್ರವೊಂದಕ್ಕೆ ೯೦ ಡಾಲರು. ೧೯೩೨ನೆಯ ಸೆಪ್ಟೆಂಬರಿನಿಂದ ಮೊದಲುಗೊಂಡು ಒಟ್ಟು ೬೬ ಮುಖಚಿತ್ರಗಳನ್ನು ಬರೆದಳು. ಅವುಗಳಲ್ಲಿ ೩೯ ಒಂದರ ಮೇಲೊಂದು ಬಿಡುವಿಲ್ಲದೆ ಬಂದವು. ಅರೆನಗ್ನ ಸ್ತ್ರೀಯರೇ ತುಂಬಿದ್ದ ಈ ಚಿತ್ರಗಳ ವಿಷಯದಲ್ಲಿ ಪತ್ರಿಕೆಯ ‘ಈರಿ’ ಎಂಬ ಓದುಗರ ಅಂಕಣದಲ್ಲಿ ಜಗಳವೇ ನಡೆಯಿತು. ಇವುಗಳನ್ನು ಬರೆಯುವವಳು ಹೆಂಗಸೆಂದು ೧೯೩೪ರಲ್ಲಿ ಪ್ರಕಟವಾಯಿತು. ಜಾಣ ಲೇಖಕರು ಮುಖಚಿತ್ರಕ್ಕೆ ಒದಗುವಂಥ ಸನ್ನಿವೇಶವೊಂದನ್ನು ಕಥೆಯಲ್ಲಿ ಬೇಕೆಂದೇ ಸೇರಿಸತೊಡಗಿದರು. ಹೀಗೆ ಚಿತ್ರವು ಕಥೆಯನ್ನು ಅನುಸರಿಸುವುದಕ್ಕೆ ಬದಲಾಗಿ ಕಥೆಯೇ ಚಿತ್ರವನ್ನು ಅನುಸರಿಸಿದ ಉದಾಹರಣೆಗಳುಂಟು. ಈ ಕಲೆಯಲ್ಲಿ ಪಳಗಿದವನು ಸೀಬರಿ ಕ್ವಿನ್. ಶವಸಂಸ್ಕಾರ ಮಾಡಿಸುವ ವ್ಯಾಪಾರಿಗಳ ಪತ್ರಿಕೆಯೊಂದಕ್ಕೆ ಸಂಪಾದಕನಾಗಿದ್ದ ಈತನ ಪತ್ತೇದಾರ ಡಿ ಗ್ರಾಂಡಿನನ ಕಥೆಗಳು ತೊಂಬತ್ತಕ್ಕೂ ಮಿಕ್ಕಿವೆ. ಆ ಕಾಲದ ಓದುಗರಿಗೆ ಲವ್‌ಕ್ರಾಫ್ಟನಿಗಿಂತ ಇವನೇ ಹೆಚ್ಚು ಪ್ರಿಯನು. ಇಂದು ಇವನನ್ನು ಓದುವವರು ವಿರಳ.

ಇನ್ನು ಹಣದ ಮಾತು. ಪದಕ್ಕೆ ಅರ್ಧ ಸೆಂಟಿನಿಂದ ಒಂದು ಸೆಂಟು, ಅಪರೂಪವಾಗಿ ಒಂದೂವರೆ ಸೆಂಟು; ಅದೂ ಕಥೆ ಅಚ್ಚಾದ ಮೇಲೆ. ಮುಗ್ಗಟ್ಟಿನ ವರುಷಗಳಲ್ಲಿ ಅಚ್ಚಾಗಿ ತಿಂಗಳುಗಳು ಕಳೆದರೂ ಸಂಭಾವನೆ ಬರುತ್ತಿರಲಿಲ್ಲ. ಕೋನನ್ ಎಂಬ ವೀರನನ್ನು ೧೯೩೨ನೆಯ ಡಿಸೆಂಬರಿನಲ್ಲಿ ಇದೇ ಪತ್ರಿಕೆಯಲ್ಲಿ ಸೃಷ್ಟಿಸಿದ ರಾಬರ್ಟ್ ಹೋವರ್ಡನು ಟೆಕ್ಸಾಸಿನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನವನು. ಕ್ಷಯರೋಗಿಯಾದ ತಾಯಿಯ ಚಿಕಿತ್ಸೆಗೆ ಹಣ ಬೇಕಾಗಿ ೧೯೩೫ನೆಯ ಮೇ ತಿಂಗಳಲ್ಲಿ ಅವನು ರೈಟನಿಗೆ ಕಾಗದ ಬರೆದನು. ಆಗ ಪತ್ರಿಕೆಯಿಂದ ಅವನಿಗೆ ಬರಬೇಕಾಗಿದ್ದುದು ೮೦೦ ಡಾಲರಿಗೂ ಮೇಲು. ೧೯೩೬ನೆಯ ಜೂನ್ ೧೧ರಂದು, ತಾಯಿ ಇನ್ನು ಎಚ್ಚರಗೊಳ್ಳಳೆಂದು ತಿಳಿದೊಡನೆ, ಅವನು ಮೂವತ್ತನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಸಾಲವೇ ಸಾವಿಗೆ ಕಾರಣವೆಂದು ಹೇಳುವುದಕ್ಕೆ ಆಧಾರವಿಲ್ಲ. ಆದರೆ ಪತ್ರಿಕೆಯ ಕೀರ್ತಿಯನ್ನು ಎಣಿಸುವಾಗ ಈ ೮೦೦ ಡಾಲರನ್ನು ಬಿಟ್ಟು ಎಣಿಸುವುದು ಚರಿತ್ರೆಯಲ್ಲ. ಇಷ್ಟು ಬಡತನದಲ್ಲಿಯೂ ರೈಟನು ೧೯೩೫ರಲ್ಲಿ ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕವನ್ನು ವರ್ಜಿಲ್ ಫಿನ್ಲೆಯ ಚಿತ್ರಗಳೊಡನೆ ಇದೇ ಬಗೆಯ ಅಗ್ಗದ ಆಕಾರದಲ್ಲಿ ಹೊರಡಿಸಿ ಕೈ ಸುಟ್ಟುಕೊಂಡನು. ಮಾಲೆಯ ಎರಡನೆಯ ಪುಸ್ತಕ ಹೊರಡಲೇ ಇಲ್ಲ.

೧೯೩೮ರಲ್ಲಿ ಪತ್ರಿಕೆಯನ್ನು ಕೊಂಡ ವಿಲಿಯಂ ಡೆಲಾನಿಯು ಕಚೇರಿಯನ್ನು ನ್ಯೂಯಾರ್ಕಿಗೆ ಸಾಗಿಸಿದನು. ಬಳಪದ ಪುಡಿ ಉದುರಿಹೋಗುವ ಚಿತ್ರಗಳನ್ನು ಅಷ್ಟು ದೂರ ಕಳುಹಿಸುವುದು ಕಷ್ಟವಾಗಿ ಬ್ರಂಡೇಜಳ ಕೆಲಸ ಇಳಿಯಿತು. ೧೯೪೦ರಲ್ಲಿ ರೈಟನನ್ನು ಕೆಲಸದಿಂದ ಬಿಡಿಸಿದರು. ಅದೇ ವರುಷ ಜೂನ್ ತಿಂಗಳಲ್ಲಿ ಅವನು ಮರಣಹೊಂದಿದನು. ಅವನ ಸ್ಥಾನಕ್ಕೆ ಬಂದ ಡೊರೊತಿ ಮೆಕಿಲ್‌ರೈತ್ ಎಂಬಾಕೆ ೧೯೫೪ನೆಯ ಸೆಪ್ಟೆಂಬರಿನಲ್ಲಿ ಪತ್ರಿಕೆ ನಿಲ್ಲುವವರೆಗೆ ಅದನ್ನು ನಡೆಸಿದಳು. ಬ್ರಂಡೇಜಳು ೧೯೭೬ರವರೆಗೆ ಬದುಕಿದ್ದಳು.